ರಾಗಿಯ ಹೊಲಕ್ಕೆ ಬಂದ ವಿಶ್ವವಿದ್ಯಾನಿಲಯ

ರಾಗಿಯ ಹೂವನ್ನು ಕಂಡವರೆಷ್ಟು ಮಂದಿ? ಪ್ರತಿನಿತ್ಯ ಮುದ್ದೆಯುಣ್ಣುವವರಲ್ಲಿಯೂ, ಕೂಸಿಗೆ ರಾಗಿಯ ಸರಿ ಕಾಯಿಸಿ ಉಣಿಸುವ ತಾಯಂದಿರಲ್ಲಿಯೂ ಬಹುಮಂದಿ ಅದನ್ನು ಕಂಡಿರಲಾರರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆ ಹೂವು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುನ್ನ. ಅದರ ಗಾತ್ರವೋ, ಬರಿಗಣ್ಣಿಗೆ ಹೂವೆಂದು ತಿಳಿಯದಷ್ಟು ಕಿರಿದು. ಅರಳುವ ಹೊತ್ತಿಗೇ ತನ್ನ ಪರಾಗವನ್ನು ತಾನೇ ಧರಿಸಿ, ಹೊರಗಿನ ಪರಾಗಕ್ಕೆ ಬಾಗಿಲು ಮುಚ್ಚಿಬಿಡುವುದು ಅದರ ಸ್ವಭಾವ. ಈ ಹಟಮಾರಿ ಹೂವಿನ ಬಾಗಿಲನ್ನು ತಟ್ಟುತ್ತ ಒಬ್ಬ ವಿಜ್ಞಾನಿ ತಮ್ಮ ಜೀವಮಾನವನ್ನೇ ಕಳೆದರು. ಆದಕಾರಣ ಹಳೆಯ ಮೈಸೂರು ಸೀಮೆಯ ಕಣಗಳಲ್ಲಿ ರಾಗಿಯ ರಾಶಿ ಎತ್ತರವಾಯಿತು.

ಕೋಲಾರ ತಾಲ್ಲೂಕಿನ ಕ್ಯಾಲನೂರು ಮತ್ತು ಅದರ ಸುತ್ತಣ ಹಳ್ಳಿಗಳು, ಒಂದು ಕಡೆ ಮುಳಬಾಗಿಲು, ಶ್ರೀನಿವಾಸಪುರ, ಇನ್ನೊಂದು ಕಡೆ ಮಾಲೂರು: ಈ ಸೀಮೆಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಜಿಲ್ಲೆಯ ಮೂಲಕ ಹಾದುಹೋದರೂ ಅದು ಮಳೆಗಾಲದ ಅತಿಥಿ. ಹಿರಿಯರು ಕಟ್ಟಿದ ಕೆರೆಗಳೇ ಇಲ್ಲಿಯ ಆಧಾರ; ಕೆರೆಯ ಕೆಳಗಿಲ್ಲದ ಕೆಮ್ಮಣ್ಣಿನ ಹೊಲಗಳಿಗೆ ಆಕಾಶವೇ ಆಧಾರ. ಮುಂಗಾರು ಕೈಕೊಟ್ಟರೂ ಒಂದಿಷ್ಟು ಕಾದು ನಿಲ್ಲಬಲ್ಲ ಪೈರೆಂದರೆ ರಾಗಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆಯೆಂದು ಇಂದು ಪಟ್ಟಣದ ವೈದ್ಯರು ಮೆಚ್ಚುಗೆಯಿಂದ ಹೇಳುತ್ತಾರೆ. ಅಕ್ಕಿಯೂಟವೇ ಹೆಚ್ಚಿನದೆಂದು ರಾಗಿಯನ್ನು ಹೀಗಳೆದ ಕಾಲವೂ ಒಂದಿತ್ತು. ಅದನ್ನು ಬಹು ಮನೆಗಳ ಅಜ್ಜಿಯರು ಇನ್ನೂ ಮರೆತಿಲ್ಲ.

ಈ ಬಡವರ ಧಾನ್ಯದ ಕಡೆಗೆ ವಿದ್ಯಾವಂತರ ದೃಷ್ಟಿ ಹೊರಳಿದ ಕಥೆ ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಾರಂಭವಾಗುತ್ತದೆ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಅಲ್ಲಿ ಕೃಷಿ ಪ್ರಯೋಗಗಳಿಗಾಗಿ 30 ಎಕರೆ ನೆಲವನ್ನು ಕೊಟ್ಟರು. ಕೆನಡಾ ದೇಶದಿಂದ ಬಂದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913ರಲ್ಲಿ, ಕೃಷಿ ಶಾಲೆ ಬಂದಿತು; 1946ರಲ್ಲಿ ಕಾಲೇಜು; 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಪಾಠ, ಸಂಶೋಧನೆ, ವಿಸ್ತರಣೆ ಎಂಬ ಮೂರು ಹೊಣೆಗಳನ್ನು ಈ ಸಂಸ್ಥೆ ಹುಟ್ಟುವಾಗಲೇ ಹೊತ್ತುಕೊಂಡಿತು. ಪದವೀಧರರನ್ನು ತಯಾರಿಸಿ ಕಳುಹಿಸಿದರೆ ವಿಶ್ವವಿದ್ಯಾನಿಲಯದ ಕೆಲಸ ಮುಗಿಯಿತೆಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ರೈತನ ಬದುವಿನವರೆಗೆ ಹೋಗಬೇಕಾದದ್ದೂ ಅದೇ ಸಂಸ್ಥೆಯೇ ಎಂಬ ಮಾತು ಹಲವರಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಮೇಲೆ ಹೇಳಿದ ವಿಜ್ಞಾನಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಶ್ರೀ ಲಕ್ಷ್ಮಣಯ್ಯನವರು. ಮಂಡ್ಯದ ಬಳಿಯ ವಿ. ಸಿ. ಫಾರಂ ಅವರ ತಪೋವನ. ರಾಗಿಯ ಮೂಲ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟ ಕಾಳು ಈ ನಾಡಿಗೆ ಬಂದು, ಇಲ್ಲಿಯದೇ ಆಗಿಹೋಯಿತು. ತವರಿನಲ್ಲಿ ಉಳಿದ ರಾಗಿ ದಪ್ಪ ಕಾಂಡದ್ದು, ತುಂಬು ತೆನೆಯದ್ದು. ಇಲ್ಲಿಯದು ಈ ಹವೆಗೆ ಒಗ್ಗಿದ್ದು. ಅಗಲಿದ ಈ ದಾಯಾದಿಗಳನ್ನು ಒಂದುಗೂಡಿಸಿದರೆ ಹೇಗೆ?

ಹೇಳುವುದು ಸುಲಭ. ಒಂದೊಂದು ತೆನೆಯಲ್ಲಿಯೂ ನೂರಾರು ಹೂಗಳು, ಒಂದೊಂದೂ ಸ್ವಂತ ಪರಾಗದಲ್ಲಿಯೇ ತೃಪ್ತ. ರಾಗಿಯ ತಳಿ ಬೆರೆಸುವವರಿಗೆ ತಿಳಿದಿರುವ ಉಪಾಯಗಳು ಒಂದೆರಡೇ: ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿ, ಅಕಸ್ಮಾತ್ತಾಗಿ ಬೆರೆಯುವ ನಾಲ್ಕಾರು ಕಾಳಿಗಾಗಿ ಕಾಯುವುದು, ಇಲ್ಲವೆ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಅದರ ಪರಾಗದ ಶಕ್ತಿಯನ್ನು ಕುಂದಿಸುವುದು. ಬಂದ ಕಾಳುಗಳಲ್ಲಿ ಬೆರೆತದ್ದು ಯಾವುದು, ಬೆರೆಯದ್ದು ಯಾವುದು ಎಂಬುದನ್ನು ಗುರುತಿಸುವುದು ಮತ್ತೊಂದು ಪರೀಕ್ಷೆ. ತಾಯಿಗಿಡ ಅಚ್ಚ ಹಸಿರು, ತಂದೆಗಿಡ ನೇರಳೆ ಬಣ್ಣದ್ದು ಎಂದು ಆರಿಸಿಕೊಂಡಿದ್ದರೆ, ಮೊಳೆತ ಸಸಿಗಳಲ್ಲಿ ನೇರಳೆ ಛಾಯೆ ಕಂಡದ್ದೇ ನಿಜವಾದ ಸಂಕರ. ನೂರಾರು ಹಸಿರು ಸಸಿಗಳ ನಡುವೆ ಅಂಥ ಒಂದನ್ನು ಹುಡುಕುವುದು, ಅದರ ಸಂತತಿಯನ್ನು ಪೈರಿನ ಮೇಲೆ ಪೈರಾಗಿ ಬೆಳೆದು ಆರಿಸುವುದು, ಬೇಡದ್ದನ್ನು ಕಿತ್ತೆಸೆಯುವುದು. ಹೀಗೆ ವರ್ಷಗಳು ಉರುಳುತ್ತವೆ.

ಲಕ್ಷ್ಮಣಯ್ಯನವರ ಕೈಯಿಂದ ಮೊದಲು ಅರುಣಾ, ಉದಯ, ಪೂರ್ಣಾ ಮೊದಲಾದ ತಳಿಗಳು ಹೊರಬಂದವು. ಆ ಬಳಿಕ, 1970ರ ದಶಕದಲ್ಲಿ, ಇಂಡಿಯಾ-ಆಫ್ರಿಕಾಗಳ ಹೆಸರನ್ನು ಕೂಡಿಸಿದ ‘ಇಂಡಾಫ್’ ತಳಿಗಳು ಬಂದವು. ಮಳೆ ಬೇಗ ಬಂದವರಿಗೊಂದು, ತಡವಾದವರಿಗೊಂದು, ಬೇಸಗೆಯ ನೀರಾವರಿಗೊಂದು ಎಂಬಂತೆ ಇಂಡಾಫಿನ ಸಂಸಾರವೇ ಬೆಳೆಯಿತು. ಅವರು 1993ರಲ್ಲಿ ತೀರಿಕೊಂಡರು. ಹಳ್ಳಿಯ ಜನ ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದರು. ಪದವಿ ಪ್ರಶಸ್ತಿಗಳಿಗಿಂತ ಈ ಬಿರುದಿನ ತೂಕ ಒಂದು ಹಿಡಿ ಹೆಚ್ಚೇ.

ಆದರೂ ಪ್ರಕೃತಿ ಸುಮ್ಮನಿರಲಿಲ್ಲ. ರಾಗಿಗೆ ಬೆಂಕಿ ರೋಗವೆಂಬ ಹಳೆಯ ಶತ್ರುವೊಂದುಂಟು. ಎಲೆಗೆ ಬಂದರೆ ಚುಕ್ಕೆ ಬಿದ್ದು ಸುಟ್ಟಂತಾಗುತ್ತದೆ. ತೆನೆಯ ಕುತ್ತಿಗೆಗೆ ಬಂದರೆ ತೆನೆ ಜೊಳ್ಳು. ಇಲುಕಿಗೆ ಬಂದರೆ ಕಾಳು ಕಟ್ಟುವುದೇ ಇಲ್ಲ. ಇಂಡಾಫ್ ತಳಿಗಳಲ್ಲಿ ಹಲವು ಈ ರೋಗಕ್ಕೆ ಸುಲಭವಾಗಿ ತುತ್ತಾದವು. ಮೂರು ತಿಂಗಳು ಕಾದು, ಕಳೆ ಕಿತ್ತು, ಕೊನೆಯ ಹದಿನೈದು ದಿನಗಳಲ್ಲಿ ತೆನೆ ಬೆಳ್ಳಗಾಗುವುದನ್ನು ನೋಡುವ ಸಂಸಾರಕ್ಕೆ ಅದು ವರ್ಷದ ಅನ್ನದ ಪ್ರಶ್ನೆ. ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ಮತ್ತೆ ಕೆಲಸ ನಡೆಯಿತು. ರೋಗವನ್ನು ತಡೆಯಬಲ್ಲ ಗುಣವನ್ನು ಬೇರೊಂದು ಮೂಲದಿಂದ ತಂದು, ಇಂಡಾಫ್-5 ಮತ್ತು ಇಂಡಾಫ್-9ರ ವಂಶದಲ್ಲಿ ಸೇರಿಸಿ, 1990ರ ದಶಕದಲ್ಲಿ ‘ಜಿ.ಪಿ.ಯು.-28’ ಎಂಬ ತಳಿಯನ್ನು ಹೊರತಂದರು. ಹೆಸರಿನಲ್ಲಿ ಕಾವ್ಯವಿಲ್ಲ, ಆದರೆ ಕರ್ನಾಟಕದ ರಾಗಿ ಹೊಲಗಳಲ್ಲಿ ಅದು ವ್ಯಾಪಿಸಿದಷ್ಟು ಮಧುರವಾದ ಹೆಸರಿನ ತಳಿಗಳು ವ್ಯಾಪಿಸಲಿಲ್ಲ.

ಬೀಜ ಸಿದ್ಧವಾದರಾಯಿತೆ? ಅದನ್ನು ರೈತನು ನಂಬಬೇಡವೆ? ಸ್ವಂತ ಕಣ್ಣಿಂದ ಕಂಡದ್ದನ್ನಲ್ಲದೆ ಬೇರೆಯದನ್ನು ಅವನು ನಂಬನು, ನಂಬಲೂ ಬಾರದು. ಒಂದು ಪೈರು ಕೆಟ್ಟರೆ ನಷ್ಟ ಅವನದೇ ಹೊರತು ಉಪದೇಶಿಸಿದವರದಲ್ಲ. ಆದ್ದರಿಂದಲೇ ಪ್ರಾತ್ಯಕ್ಷಿಕೆಯ ಪದ್ಧತಿ: ರೈತನ ಹೊಲದಲ್ಲಿಯೇ ಒಂದು ಪಟ್ಟಿ ಅವನ ಬೀಜ, ಪಕ್ಕದಲ್ಲಿ ಹೊಸ ಬೀಜ, ಮಳೆ, ಮಣ್ಣು, ಗೊಬ್ಬರ ಎರಡಕ್ಕೂ ಒಂದೇ. ಕೊಯ್ಲಿನ ದಿನ ನೆರೆಹೊರೆಯವರು ಬಂದು ನೋಡಿ ತೀರ್ಪು ಕೊಡುತ್ತಾರೆ.

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿಯೇ ಬಿಡಾರ ಹೂಡುವ ಏರ್ಪಾಡೂ ಇದೆ. ಅವರ ಮೊದಲ ಕೆಲಸಗಳಲ್ಲಿ ಒಂದು, ಊರ ಬೀದಿಯಲ್ಲಿ ಬಣ್ಣದ ರಂಗೋಲಿಯಿಂದ ಇಡೀ ಹಳ್ಳಿಯ ನಕ್ಷೆಯನ್ನು ಬರೆಯುವುದು. ಕೆರೆ ಎಲ್ಲಿ, ಗುಂಡುತೋಪು ಎಲ್ಲಿ, ಯಾವ ಬಾವಿ ಬತ್ತಿದೆ ಎಂಬುದನ್ನು ಊರವರೇ ಹೇಳಬೇಕು. ತಪ್ಪಿದರೆ ಮುದುಕರು ಕೋಲಿನಿಂದ ಗೆರೆಯನ್ನು ತಿದ್ದುತ್ತಾರೆ. ಯಾರು ಯಾರಿಗೆ ಪಾಠ ಹೇಳುತ್ತಿದ್ದಾರೆಂಬ ಸಂದೇಹ ನೋಡುವವರಿಗೆ ಬಾರದಿರದು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ಕೋಲಾರದ ಸಂಸಾರಗಳಲ್ಲಿ, ಎರಡೂ ಬಲ್ಲ ವಿದ್ಯಾರ್ಥಿಗೆ ಮಜ್ಜಿಗೆಯ ಲೋಟ ಬೇಗ ಸಿಗುತ್ತದೆ.

ಓದು ಬಿಟ್ಟು ಎಷ್ಟೋ ಕಾಲವಾದವರಿಗೂ ಪಾಠಗಳಿವೆ. ಕೋಲಾರದ ಬಳಿ ಟಮಕದಲ್ಲಿ ತೋಟಗಾರಿಕೆಯ ಕಾಲೇಜೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಇಂಥ ಕೇಂದ್ರಗಳಲ್ಲಿ ರೈತರಿಗೂ ರೈತ ಮಹಿಳೆಯರಿಗೂ ಒಂದೆರಡು ದಿನದ ತರಬೇತಿಗಳು ನಡೆಯುತ್ತವೆ. ಇವೆಲ್ಲಕ್ಕಿಂತ ಬುದ್ಧಿವಂತಿಕೆಯ ಏರ್ಪಾಡೆಂದರೆ ಗೊಬ್ಬರ, ಔಷಧಿ ಮಾರುವ ಅಂಗಡಿಯವರಿಗಾಗಿ 2003ರಲ್ಲಿ ದೇಶದಲ್ಲಿ ಪ್ರಾರಂಭವಾದ ಒಂದು ವರ್ಷದ ಡಿಪ್ಲೊಮಾ. ಎಲೆ ಮುದುರಿದ ಟೊಮ್ಯಾಟೊ ಗಿಡವನ್ನು ಹಿಡಿದು ರೈತನು ಮೊದಲು ಓಡುವುದು ವಿಜ್ಞಾನಿಯ ಬಳಿಗಲ್ಲ, ಅಂಗಡಿಗೆ. ಅಂಗಡಿಯವನು ಹೇಳಿದ್ದೇ ಔಷಧಿ, ಅವನು ಅಳೆದದ್ದೇ ಪ್ರಮಾಣ. ಆದ್ದರಿಂದ ಅವನನ್ನೇ ಬೆಂಚಿನ ಮೇಲೆ ಕೂರಿಸಿದರು. ಪಾಠ ರಜೆಯ ದಿನದಂದು, ವ್ಯಾಪಾರಕ್ಕೆ ಅಡ್ಡಿಯಿಲ್ಲ. ಸಾಮಾನು ಮಾರುವವನೇ ಚಿಕಿತ್ಸೆ ಹೇಳುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ ಉಳಿದೇ ಇದೆ. ಆದರೆ ತಿಳಿಯದೆ ಹೇಳುವುದಕ್ಕಿಂತ ತಿಳಿದು ಹೇಳುವುದು ಲೇಸು.

ಎಲ್ಲ ಸಲಹೆಗಳೂ ಶುಭವೇ ಆದವೆಂದು ಹೇಳುವಂತಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿಗಳು ಧಾರಾಳವಾಗಿ ದೊರೆತಾಗ, ಕೋಲಾರದ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಕೂಲಿಯ ಚಿಂತೆಯಿಲ್ಲ, ಮಾರಾಟ ಖಚಿತ. ರೈತನ ಲೆಕ್ಕ ಅಂದಿಗೆ ತಪ್ಪಿರಲಿಲ್ಲ. ಅಂತರ್ಜಲ ಇಳಿಯಿತೆಂಬ ದೂರು ಬೆಳೆದು, 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೋರ್‌ವೆಲ್ ಇದ್ದವರು ಟೊಮ್ಯಾಟೊ ಬೆಳೆಗೆ ತಿರುಗಿದರು; ಬೆಲೆ ಏರಿದ ವಾರ ಹಬ್ಬ, ಇಳಿದ ವಾರ ರಸ್ತೆಯ ಬದಿಯಲ್ಲಿ ಹಣ್ಣಿನ ರಾಶಿ. ಹೀಗೆ ಜೂಜಾಡುವ ಮನೆಯಲ್ಲಿಯೂ ಊಟಕ್ಕೆಂದು ಒಂದೆರಡು ಎಕರೆ ರಾಗಿಯನ್ನು, ಅದರ ಜೊತೆಗೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿಗಳನ್ನು ಬಿತ್ತುವವರುಂಟು. ದನಗಳಿಗೆ ಹುಲ್ಲು ಬೇಡವೆ?

ಆ ಬಿತ್ತನೆಗೆ ಪ್ರತಿ ವರ್ಷ ಅಂಗಡಿಗೆ ಹೋಗಬೇಕಾಗಿಲ್ಲ. ಮೊದಲಲ್ಲಿ ಹೇಳಿದ ಹೂವಿನ ಹಟಮಾರಿತನವೇ ಇಲ್ಲಿ ವರವಾಗಿದೆ: ತನ್ನ ಪರಾಗವನ್ನೇ ಧರಿಸುವ ಕಾರಣ ತಳಿ ಬೇಗ ಕೆಡುವುದಿಲ್ಲ. ಒಮ್ಮೆ ತಂದ ಬೀಜದಿಂದ ಬೆಳೆದ ಒಳ್ಳೆಯ ತೆನೆಗಳನ್ನು ಆರಿಸಿ, ಒಣಗಿಸಿ ಇಟ್ಟುಕೊಂಡರೆ ಎರಡು ಮೂರು ವರ್ಷ ನಿಶ್ಚಿಂತೆ. ಕಣದಲ್ಲಿ ರಾಶಿಯನ್ನು ನೋಡಿದ ನೆಂಟರು ಸೆರಗಿನಲ್ಲಿ ಒಂದು ಸೇರು ಕಟ್ಟಿಸಿಕೊಂಡು ಹೋಗುತ್ತಾರೆ. ಮುಂದಿನ ಮುಂಗಾರಿಗೆ ಅದು ಮತ್ತೊಂದು ಊರಿನ ಕೂರಿಗೆಗೆ ಬೀಳುತ್ತದೆ. ಆ ಊರಿನವರು ತಳಿಯ ಸಂಖ್ಯೆಯನ್ನು ಕೇಳಿರುವುದಿಲ್ಲ. ಯಾರ ಮನೆಯಿಂದ ಬಂದಿತೋ ಆ ಮನೆಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.