ಚಗಳಿಯ ವೇಷದ ಜಿಗಿಜೇಡ

ಕರಾವಳಿ ಮತ್ತು ಮಲೆನಾಡಿನ ಜನ ಚಗಳಿ ಎಂದು ಕರೆಯುವ ಕೆಂಪಿರುವೆಯು ಮಾವು, ಗೇರು ಮೊದಲಾದ ಮರಗಳ ಎಲೆಗಳನ್ನು ತನ್ನ ಮರಿಹುಳುಗಳು ಸ್ರವಿಸುವ ನೂಲಿನಿಂದ ಬೆಸೆದು ಗೂಡು ಕಟ್ಟುತ್ತದೆ. ಇದೇ ಇರುವೆಯ ರೂಪವನ್ನು ತಾಳಿ, ಅದರ ನೆಲೆಯ ಆಸುಪಾಸಿನಲ್ಲೇ ಬದುಕುವ ಜೇಡವೊಂದಿದೆ. ಮಿರ್ಮಾಪ್ಲಾಟಾ ಪ್ಲಾಟೇಲಿಯಾಯ್ಡಿಸ್ ಎಂಬ ಈ ಪ್ರಭೇದವು, ಬಲೆ ಹೆಣೆದು ಕಾಯದೆ ತೀಕ್ಷ್ಣ ದೃಷ್ಟಿಯಿಂದ ಬೇಟೆಯನ್ನು ಗುರುತಿಸಿ ಮೇಲೆರಗುವ ಜಿಗಿಜೇಡಗಳ ಕುಟುಂಬವಾದ ಸಾಲ್ಟಿಸಿಡೆಗೆ ಸೇರಿದ್ದು, ಇದನ್ನು 1869ರಲ್ಲಿ ಇಂಗ್ಲೆಂಡಿನ ಪಾದ್ರಿಯೂ ಜೇಡತಜ್ಞನೂ ಆಗಿದ್ದ ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಜ್ ಮೊದಲಿಗೆ ವಿವರಿಸಿದನು.

ಇರುವೆಗೆ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಿದ್ದರೆ, ಜೇಡಕ್ಕೆ ತಲೆಯೂ ಎದೆಯೂ ಒಂದಾದ ಶಿರೋವಕ್ಷ ಮತ್ತು ಉದರ ಎಂಬ ಎರಡೇ ಭಾಗಗಳಿವೆ. ಈ ಜೇಡದಲ್ಲಿ ಶಿರೋವಕ್ಷವು ನಡುವೆ ಕಿರಿದಾಗಿ ತಲೆ, ಎದೆಗಳು ಬೇರೆಯೆಂಬ ಭ್ರಮೆ ಹುಟ್ಟಿಸುತ್ತದೆ; ಉದರಕ್ಕೆ ಕೂಡುವ ತೊಟ್ಟು ನೀಳವಾಗಿ ಇರುವೆಯ ಸೊಂಟವನ್ನು ಹೋಲುತ್ತದೆ; ತಲೆಯ ಪಕ್ಕದ ಕಪ್ಪು ಮಚ್ಚೆಗಳು ಇರುವೆಯ ಕಣ್ಣುಗಳಂತೆ ಕಾಣುತ್ತವೆ. ಎಂಟು ಕಾಲುಗಳ ಗುಟ್ಟು ಬಯಲಾಗದಂತೆ ಅದು ಮುಂದಿನ ಜೋಡಿಯನ್ನು ಮೇಲೆತ್ತಿ ಇರುವೆಯ ಮೀಸೆಗಳಂತೆ ಆಡಿಸುತ್ತದೆ. ಗಂಡಿನಲ್ಲಿ ಮಾತ್ರ, ವಿಷಹಲ್ಲುಗಳನ್ನು ಹೊತ್ತ ದವಡೆಗಳು ವಿಪರೀತ ಉದ್ದವಾಗಿ ಮುಂದಕ್ಕೆ ಚಾಚಿ, ತುದಿಯಲ್ಲಿ ಉಬ್ಬಿರುವುದರಿಂದ, ಅದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಸಾಗುವ ಇರುವೆಯಂತೆ ತೋರುತ್ತದೆ.

ಚಗಳಿಗೆ ಕುಟುಕುವ ಮುಳ್ಳಿಲ್ಲದಿದ್ದರೂ ಅದು ಬಲವಾಗಿ ಕಚ್ಚಿ ಫಾರ್ಮಿಕ್ ಆಮ್ಲ ಸಿಂಪಡಿಸುವುದರಿಂದ, ಮತ್ತು ಗುಂಪಾಗಿ ಮುತ್ತುವುದರಿಂದ, ಅನೇಕ ಬೇಟೆಗಾರ ಜೀವಿಗಳು ಅದರ ತಂಟೆಗೆ ಹೋಗುವುದಿಲ್ಲ. ನಿರುಪದ್ರವಿ ಜೀವಿಯೊಂದು ಅಪಾಯಕಾರಿ ಜೀವಿಯನ್ನು ಹೋಲಿ ರಕ್ಷಣೆ ಪಡೆಯುವ ಇಂಥ ಅನುಕರಣೆಗೆ, ಅದನ್ನು 1862ರಲ್ಲಿ ವಿವರಿಸಿದ ಹೆನ್ರಿ ವಾಲ್ಟರ್ ಬೇಟ್ಸ್‌ನ ಹೆಸರಿನಿಂದ ಬೇಟ್ಸೀಯ ಅನುಕರಣೆ ಎನ್ನುತ್ತಾರೆ. ಆದರೆ ಈ ವೇಷ ಚಗಳಿಯನ್ನು ಒಲಿಸಿಕೊಳ್ಳಲು ತೊಟ್ಟದ್ದಲ್ಲ. ಇರುವೆ ಎದುರಾದರೆ ಜೇಡ ಬದಿಗೆ ಸರಿದು ತಪ್ಪಿಸಿಕೊಳ್ಳುತ್ತದೆ.

ಭಾರತ, ಶ್ರೀಲಂಕಾ, ಚೀನಾ ಹಾಗೂ ಆಗ್ನೇಯ ಏಷ್ಯಾಗಳಲ್ಲಿ ಈ ಜೇಡ ಕಂಡುಬಂದಿದ್ದು, ಭಾರತದಿಂದ ಉತ್ತರ ಆಸ್ಟ್ರೇಲಿಯದವರೆಗೆ ಹಬ್ಬಿರುವ ಚಗಳಿಯ ಸೀಮೆ ಇದಕ್ಕಿಂತ ವಿಶಾಲವಾದುದು. ಕಚ್ಚುವ ಚಗಳಿಯ ಪರಿಚಯ ಬೇಟೆಗಾರರಿಗೆ ಮೊದಲೇ ಇದ್ದಲ್ಲಿ ಮಾತ್ರ ಅದರ ಸೋಗು ಫಲಿಸುವುದರಿಂದ, ಜೇಡದ ಮೈಕಟ್ಟಿಗಷ್ಟೇ ಅಲ್ಲದೆ ಅದರ ನೆಲೆಗೂ ಚಗಳಿಯೇ ಅಚ್ಚಾಗಿದೆ.