ಅತ್ತರೆ ಎತ್ತಿಕೊಳ್ಳಬೇಕೆ?

‘ಅತ್ತಾಗಲೆಲ್ಲ ಎತ್ತಿಕೊಂಡು ರೂಢಿ ಮಾಡಿಸಬೇಡ, ಆಮೇಲೆ ಕೆಳಗೇ ಇಳಿಯೋದಿಲ್ಲ’ ಎಂಬ ಬುದ್ಧಿಮಾತು ಬಾಣಂತಿ ಕೋಣೆಯಲ್ಲಿ ಇವತ್ತಿಗೂ ಕೇಳಿಬರುತ್ತದೆ. ಇದು ಹಳೆಗಾಲದವರ ತಿಳಿಗೇಡಿತನವೆಂದು ನಗುವಂತಿಲ್ಲ. ಇದನ್ನೇ ವಿಜ್ಞಾನದ ಹೆಸರಿನಲ್ಲಿ ಇನ್ನೂ ಕಟುವಾಗಿ ಹೇಳಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್. ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ಬೆಳಗ್ಗೆ ಕೈಕುಲುಕಿದರೆ ಸಾಕು ಎಂದು 1928ರ ತಮ್ಮ ಶಿಶುಪಾಲನೆಯ ಪುಸ್ತಕದಲ್ಲಿ ಅವರು ಬರೆದರು. ಮಗು ಹಚ್ಚಿಕೊಳ್ಳುವುದು ಹಾಲು ಕೊಡುವ ಕೈಯನ್ನು, ಅದರಾಚೆಗೆ ಗುಟ್ಟೇನೂ ಇಲ್ಲ ಎಂಬುದು ಆ ಕಾಲದ ವಿದ್ವಾಂಸರ ನಂಬಿಕೆಯಾಗಿತ್ತು.

ಆ ನಂಬಿಕೆಯನ್ನು ಕೆಡವಿದ್ದು ಕೋತಿಮರಿಗಳು. 1950ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ, ತಾಯಿಯಿಂದ ಬೇರ್ಪಡಿಸಿದ ಮರಿಗಳ ಮುಂದೆ ಎರಡು ಗೊಂಬೆತಾಯಂದಿರನ್ನು ಇಟ್ಟರು. ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿತಾಯಿಯಲ್ಲಿದ್ದರೂ ಮರಿಗಳು ಹೊಟ್ಟೆ ತುಂಬಿದೊಡನೆ ಬಟ್ಟೆತಾಯಿಗೆ ಹೋಗಿ ಅಂಟಿಕೊಳ್ಳುತ್ತಿದ್ದವು. ಹೆದರಿದಾಗಲೂ ಅಲ್ಲಿಗೇ ಓಟ. ಪ್ರಯೋಗ ಕ್ರೂರವಾದದ್ದೇ, ಇಂದು ಅದಕ್ಕೆ ಅನುಮತಿ ಸಿಗುವುದು ಕಷ್ಟ. ಅದೇ ಹೊತ್ತಿಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ, ಆಪ್ತರಿಗೆ ಅಂಟಿಕೊಳ್ಳುವ ಹಂಬಲ ಹಸಿವಿನಷ್ಟೇ ಹುಟ್ಟುಗುಣ ಎಂದು ವಾದಿಸುತ್ತಿದ್ದರು. ಮೊದಲು ಉಗಾಂಡಾದಲ್ಲಿ, ಬಳಿಕ ಅಮೆರಿಕದ ಬಾಲ್ಟಿಮೋರಿನ ಮನೆಗಳಲ್ಲಿ ಕೂತು ಎಳೆಗೂಸುಗಳನ್ನು ಗಮನಿಸಿದ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಆ ವಾದಕ್ಕೆ ಪುರಾವೆ ಒದಗಿಸಿದರು. 1972ರಲ್ಲಿ ಸಿಲ್ವಿಯಾ ಬೆಲ್ ಜೊತೆಗೂಡಿ ಅವರು ಪ್ರಕಟಿಸಿದ ವರದಿಯಂತೆ, ಅತ್ತೊಡನೆ ತಾಯಿ ಬಂದು ಸಂತೈಸುತ್ತಿದ್ದ ಕೂಸುಗಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು.

ಇಲ್ಲಿ ಒಂದು ತಕರಾರು ನ್ಯಾಯವಾದದ್ದೇ. ಸ್ವಭಾವತಃ ಸಾಧುವಾದ ಕೂಸನ್ನು ಸಂತೈಸುವುದು ಸುಲಭ, ಹಾಗಾದರೆ ಕಾರಣ ಯಾವುದು, ಪರಿಣಾಮ ಯಾವುದು? ಬಾಲ್ಟಿಮೋರಿನ ಬೆರಳೆಣಿಕೆಯ ಮನೆಗಳಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಗಟ್ಟಿಯಾದ ಉತ್ತರ ಬಂದದ್ದು ರುಮೇನಿಯಾದಿಂದ. ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳನ್ನು ತುಂಬಿದರು. 1989ರಲ್ಲಿ ಅವನು ಬಿದ್ದಮೇಲೆ ಒಳಹೊಕ್ಕವರನ್ನು ಬೆಚ್ಚಿಸಿದ್ದು ಅಲ್ಲಿನ ಮೌನ: ಸಾಲು ತೊಟ್ಟಿಲುಗಳು, ಎಚ್ಚರವಾಗಿರುವ ಕೂಸುಗಳು, ಆದರೆ ಅಳುವಿಲ್ಲ. ಅತ್ತರೂ ಯಾರೂ ಬರುವುದಿಲ್ಲ ಎಂಬುದನ್ನು ಅವು ಕಲಿತುಬಿಟ್ಟಿದ್ದವು. ಮುಂದೆ ರಾಜಧಾನಿ ಬುಖಾರೆಸ್ಟಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಸಂಶೋಧಕರು ಅಂಥ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕುಕುಟುಂಬಗಳಿಗೆ ಕೊಡಿಸಿದರು. ನಾಲ್ಕೂವರೆ ವರ್ಷದ ಹೊತ್ತಿಗೆ ಸಂಸ್ಥೆಯ ಗುಂಪಿನ ಸರಾಸರಿ ಬುದ್ಧಿಸೂಚ್ಯಂಕ 73, ಸಾಕುಮನೆ ಸೇರಿದವರದು 81. ಹುಟ್ಟಿದ ಮನೆಯಲ್ಲೇ ಬೆಳೆದ ಮಕ್ಕಳದು 109. ಎರಡು ವರ್ಷದೊಳಗೆ ಮನೆ ಸೇರಿದವರಿಗೆ ಹೆಚ್ಚಿನ ಲಾಭವಾಗಿತ್ತು. ಗುಂಪು ಆರಿಸಿದ್ದು ಅದೃಷ್ಟ, ಕೂಸಿನ ಸ್ವಭಾವವಲ್ಲ. ಆದ್ದರಿಂದ ಮೇಲಿನ ತಕರಾರು ಇಲ್ಲಿ ನಿಲ್ಲದು.

ಹಾಗೆಂದು ಈ ಅಂಕಿಗಳಿಂದ ಮನೆಮಂದಿಯನ್ನು ಹೆದರಿಸಲು ಹೊರಡುವುದು ಅತಿಯಾದೀತು. ಒಲೆಯ ಮೇಲೆ ಎಸರಿಟ್ಟ ತಾಯಿ ಐದು ನಿಮಿಷ ತಡವಾಗಿ ಬಂದರೆ ಕೂಸಿನ ಮಿದುಳಿಗೆ ಏನೂ ಆಗುವುದಿಲ್ಲ. ರುಮೇನಿಯಾದ್ದು ವರ್ಷಗಟ್ಟಲೆಯ ನಿರ್ಲಕ್ಷ್ಯ. ಕೆಲಸಕ್ಕೆ ಹೋಗುವ ತಾಯಂದಿರ ಮೇಲೆ ತಪ್ಪು ಹೊರಿಸುವವರಿಗೂ ಇಲ್ಲಿ ಆಧಾರವಿಲ್ಲ. ಬುಖಾರೆಸ್ಟಿನಲ್ಲಿ ಮಕ್ಕಳನ್ನು ಚೇತರಿಸಿದ್ದು ಹೆತ್ತವರಲ್ಲ, ಸಾಕಿದವರು. ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಆಗಬಹುದು, ಬೇಕಾದದ್ದು ದಿನವೂ ಅದೇ ಮುಖ. ಮೊದಲೆರಡು ವರ್ಷ ಕಳೆದರೆ ಮುಗಿಯಿತು ಎನ್ನುವುದೂ ಸರಿಯಲ್ಲ. ಬ್ರಿಟಿಷ್ ಮನೋವೈದ್ಯ ಮೈಕೆಲ್ ರಟರ್ ಆರಂಭಿಸಿದ ಅಧ್ಯಯನದಲ್ಲಿ, ಆರು ತಿಂಗಳಿಗೂ ಹೆಚ್ಚು ಕಾಲ ರುಮೇನಿಯಾದ ಅನಾಥಾಲಯಗಳಲ್ಲಿದ್ದು ಆಮೇಲೆ ಬ್ರಿಟನ್ನಿಗೆ ದತ್ತು ಹೋದವರಲ್ಲಿ ಅನೇಕರಿಗೆ ಗಮನ ಮತ್ತು ಒಡನಾಟದ ತೊಡಕುಗಳು ದೊಡ್ಡವರಾದ ಮೇಲೂ ಉಳಿದವು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಅಂಥ ತೊಂದರೆಯೇ ಕಾಣಲಿಲ್ಲ.

ರುಮೇನಿಯಾ 2005ರಿಂದ ಎರಡು ವರ್ಷದೊಳಗಿನ ಮಕ್ಕಳನ್ನು ಇಂಥ ಸಂಸ್ಥೆಗಳಿಗೆ ಸೇರಿಸುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿಯೆಂದೇ ಹೇಳಿ, ದತ್ತು ಮತ್ತು ಪೋಷಕ ಕುಟುಂಬಗಳಿಗೆ ಅವಕಾಶ ಕೊಟ್ಟಿದೆ. ಬಾಲಮಂದಿರಗಳನ್ನು ತಪಾಸಣೆ ಮಾಡುವವರು ಹಾಲು, ಹಾಸಿಗೆ, ಸಿಬ್ಬಂದಿಯ ಲೆಕ್ಕದ ಜೊತೆಗೆ, ಒಂದು ಕೂಸನ್ನು ವಾರದಲ್ಲಿ ಎಷ್ಟು ಜನ ಬದಲಾಗಿ ಎತ್ತಿಕೊಳ್ಳುತ್ತಾರೆ ಎಂದೂ ಕೇಳಬೇಕು.