ತಿರುಗುವ ಫ್ಯಾನು, ಹೊರಹೋಗದ ಹೊಗೆ

ಕೆಲವು ವರ್ಷಗಳ ಹಿಂದೆ ಹಾನಗಲ್ಲಿನಲ್ಲಿ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆ. ಮೊದಲ ಪಂಕ್ತಿ ಏಳುವ ಹೊತ್ತಿಗೆ ಕಲ್ಯಾಣ ಮಂಟಪದ ಅಡುಗೆ ಮನೆಯಲ್ಲಿ ಗದ್ದಲವೆದ್ದಿತು. ನಸುಕಿನಿಂದ ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸುತ್ತಿದ್ದ ಹೆಂಗಸೊಬ್ಬರು ಕುಸಿದುಬಿದ್ದಿದ್ದರು. ಹೊರಗೆ ಗಾಳಿಗೆ ತಂದು ಮಲಗಿಸಿದ ಮೇಲೆ ಚೇತರಿಸಿಕೊಂಡರು. ‘ಸೆಕೆಗೆ ಹಿಂಗಾತು’ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಆದರೆ ಒಳಗೆ ಕಣ್ಣು ತೆರೆಯಲಾಗದಷ್ಟು ಹೊಗೆ ಇತ್ತು. ಗೋಡೆಯ ಮೇಲ್ಭಾಗದಲ್ಲಿ ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನುಗಳು ಭರದಿಂದ ತಿರುಗುತ್ತಲೇ ಇದ್ದವು.

ಮದುವೆಗೆ ಬಂದವರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯವರೊಬ್ಬರಿದ್ದರು. ಅವರು ಊದಿನಕಡ್ಡಿಯೊಂದನ್ನು ಹೊತ್ತಿಸಿ ಮೊದಲನೆಯ ಫ್ಯಾನಿನ ಬಳಿ ಹಿಡಿದರು. ಹೊಗೆ ಹೊರಕ್ಕೆ ಎಳೆದುಕೊಳ್ಳುವ ಬದಲು ನಮ್ಮ ಮುಖಕ್ಕೆ ಬಂತು. ‘ಸಾಹೇಬ್ರ, ಫ್ಯಾನ್ ಉಲ್ಟಾ ತಿರಗಾಕತ್ತೇತ್ರಿ’ ಎಂದರು. ಅದರ ಮೋಟಾರು ಹಿಂದೊಮ್ಮೆ ಸುಟ್ಟುಹೋಗಿ, ರಿವೈಂಡ್ ಆಗಿ ಬಂದಿತ್ತು. ಮರಳಿ ಕೂಡಿಸುವಾಗ ಮೂರು ಫೇಸ್ ತಂತಿಗಳಲ್ಲಿ ಎರಡು ಅದಲುಬದಲಾಗಿದ್ದವು. ಮೂರು ಫೇಸಿನ ಮೋಟಾರು ಆಗ ಹಿಮ್ಮುಖವಾಗಿ ತಿರುಗುತ್ತದೆ. ಗೋಡೆಗೆ ಕೂಡಿಸಿದ ಇಂತಹ ಫ್ಯಾನು ಹೊರಗಿನ ಗಾಳಿಯನ್ನೇ ಒಳಕ್ಕೆ ನೂಕುತ್ತದೆ. ಎರಡನೆಯ ಫ್ಯಾನು ಸರಿಯಾಗಿಯೇ ತಿರುಗುತ್ತಿತ್ತು, ಆದರೆ ಅದರ ಹೊರಬದಿಯ ತಗಡಿನ ಪಟ್ಟಿಗಳು ಎಣ್ಣೆಯ ಜಿಡ್ಡಿಗೆ ಅಂಟಿಕೊಂಡು ತೆರೆಯುತ್ತಲೇ ಇರಲಿಲ್ಲ. ಎರಡನ್ನೂ ಸರಿಪಡಿಸಲು ಹಿಡಿದದ್ದು ಒಂದು ಗಂಟೆಗೂ ಕಡಿಮೆ ಸಮಯ.

ಆ ದಿನ ನನಗೆ ಕಸಿವಿಸಿಯಾದದ್ದಕ್ಕೆ ಬೇರೊಂದು ಕಾರಣವಿದೆ. ಸೇವೆಯಲ್ಲಿದ್ದಾಗ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಸಾರ್ವಜನಿಕ ಕಟ್ಟಡಗಳ ತಪಾಸಣೆಗೆ ಹಲವು ಬಾರಿ ಹೋಗಿದ್ದೇನೆ. ನಮೂನೆಯಲ್ಲಿ ‘ಗಾಳಿ ಬೆಳಕಿನ ವ್ಯವಸ್ಥೆ ಇದೆಯೇ?’ ಎಂಬ ಪ್ರಶ್ನೆಯಿರುತ್ತಿತ್ತು. ಫ್ಯಾನು ಕಂಡರೆ ‘ಇದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಅದು ಯಾವ ದಿಕ್ಕಿಗೆ ಗಾಳಿ ತಳ್ಳುತ್ತದೆಂದು ನಮೂನೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಸೀಮೆಯ ಹಿರಿಯರಿಗೆ ಗಾಳಿಯ ನಿರ್ವಹಣೆ ಗೊತ್ತಿರದ ವಿದ್ಯೆಯೇನಲ್ಲ. ಬಯಲಿನ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಅಡುಗೆ ಮನೆಯ ಮೇಲೆ ಬೆಳಕಿಂಡಿ ಇರುತ್ತಿತ್ತು. ಮಳೆ ಬಂದರೆ ಮುಚ್ಚುವುದು, ನಿಂತರೆ ತೆರೆಯುವುದು ಮನೆಯವರ ನಿತ್ಯದ ಕೆಲಸ. ಅರೆಮಲೆನಾಡಿನ ಹಾನಗಲ್, ಹಿರೇಕೆರೂರು ಕಡೆಯ ಹೆಂಚಿನ ಮನೆಗಳಲ್ಲಿ ಹೊಗೆ ಸಂದುಗಳ ಮೂಲಕ ತಾನೇ ಹೊರಹೋಗುತ್ತಿತ್ತು. ಕಾಂಕ್ರೀಟ್ ಛಾವಣಿ ಬಂದ ಮೇಲೆ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದೆವು. ಯಂತ್ರವನ್ನು ನೋಡಿಕೊಳ್ಳುವ ಕೆಲಸವನ್ನು ಮಾತ್ರ ಯಾರಿಗೂ ಒಪ್ಪಿಸಲಿಲ್ಲ.

ಯಂತ್ರ ಕೇಳುವುದು ಬಹಳವೇನಲ್ಲ. ರೆಕ್ಕೆಗಳ ಮೇಲೆ ಧೂಳು, ಜಿಡ್ಡು ಒಂದೇ ಸಮನಾಗಿ ಕೂರುವುದಿಲ್ಲ. ತೂಕ ಏರುಪೇರಾಗಿ ಫ್ಯಾನು ನಡುಗುತ್ತದೆ, ನಡುಗಿದರೆ ಬೇರಿಂಗ್ ಸವೆಯುತ್ತದೆ. ಬೆಲ್ಟಿನಿಂದ ನಡೆಯುವ ಬ್ಲೋವರುಗಳಲ್ಲಿ ಬೆಲ್ಟು ಸಡಿಲವಾದರೆ ವೇಗ ಕುಗ್ಗಿ, ಅದೇ ಪ್ರಮಾಣದಲ್ಲಿ ಗಾಳಿಯೂ ಕುಗ್ಗುತ್ತದೆ. ಒಂದು ಫೇಸ್ ಕೈಕೊಟ್ಟಾಗ ಮೋಟಾರನ್ನು ನಿಲ್ಲಿಸುವ ಸಣ್ಣ ರಕ್ಷಣಾ ಸಾಧನವಿಲ್ಲದಿದ್ದರೆ ಸುರುಳಿ ಸುಡುತ್ತದೆ. ಹೊಲದ ಪಂಪ್‌ಸೆಟ್ಟು ಸುಟ್ಟು ನೊಂದ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಅಡುಗೆ ಮನೆಯ ಹೊಗೆಕೊಳವೆಯಲ್ಲಿ ಕಟ್ಟಿದ ಜಿಡ್ಡು ಗಾಳಿಯನ್ನು ತಡೆಯುವುದಷ್ಟೇ ಅಲ್ಲ, ಕಿಡಿ ತಗುಲಿದರೆ ಉರಿಯುತ್ತದೆ.

ಇಷ್ಟು ಸರಳವಾದ ಕೆಲಸ ಏಕೆ ಆಗುವುದಿಲ್ಲ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ಉತ್ತರವಿದು: ಖರ್ಚು ಮಾಡಬೇಕಾದವರು ಒಬ್ಬರು, ಉಸಿರಾಡುವವರು ಮತ್ತೊಬ್ಬರು. ಮಂಟಪದ ಮಾಲೀಕ ಅಡುಗೆ ಮನೆಗೆ ಕಾಲಿಡುವುದಿಲ್ಲ. ಬಾಡಿಗೆ ಕೊಡುವವರು ಸಭಾಂಗಣದ ದೀಪಾಲಂಕಾರ ನೋಡುತ್ತಾರೆ. ದಿನಗೂಲಿಗೆ ಬರುವ ಅಡುಗೆಯವರಿಗೆ ಕೇಳುವ ಧೈರ್ಯವಿಲ್ಲ. ಸರ್ಕಾರಿ ಕಟ್ಟಡಗಳ ಕಥೆಯೂ ಭಿನ್ನವಲ್ಲ. ಹೊಸ ಯಂತ್ರಕ್ಕೆ ಬಂಡವಾಳ ವೆಚ್ಚದಲ್ಲಿ ಹಣವಿದೆ, ಟೆಂಡರ್ ಇದೆ, ಉದ್ಘಾಟನೆಯೂ ಇದೆ. ಗ್ರೀಸು, ಬೆಲ್ಟು, ಶುಚಿತ್ವಕ್ಕೆ ಬೇಕಾದ ಸಣ್ಣ ಮೊತ್ತ ‘ಇತರೆ ವೆಚ್ಚ’ದಲ್ಲಿ ಸ್ಟೇಷನರಿಯ ಜೊತೆ ಸ್ಪರ್ಧಿಸಬೇಕು.

ಈ ಉದಾಸೀನ ಸಣ್ಣ ಊರುಗಳಿಗೆ ಸೀಮಿತವೂ ಅಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ ಒಂಬತ್ತು ಜನ ಸತ್ತರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಬೆಂಕಿಗಿಂತ ಹೆಚ್ಚಾಗಿ ಮೇಲಿನ ಮಹಡಿಗಳನ್ನು ತುಂಬಿದ ಹೊಗೆ. ತಾಳಲಾರದೆ ಕೆಲವರು ಕೆಳಕ್ಕೆ ಹಾರಿದರು. ಹತ್ತು ವರ್ಷಗಳ ನಂತರ ಬಂದ ಕೋವಿಡ್, ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುವ ಮುಚ್ಚಿದ ಕೋಣೆಯ ಅಪಾಯವನ್ನು ಎಲ್ಲರಿಗೂ ಕಲಿಸಿತು. ವಸತಿಯೇತರ ಕಟ್ಟಡಗಳಲ್ಲಿ ಪ್ರತಿ ವ್ಯಕ್ತಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ನೀಡಿತು. ಐನೂರು ಜನ ಸೇರುವ ಮದುವೆಗೆ ಇದು ಸೆಕೆಂಡಿಗೆ 5,000 ಲೀಟರ್, ಅಂದರೆ 5 ಘನ ಮೀಟರ್. ಜಿಡ್ಡುಗಟ್ಟಿದ ಎರಡು ಫ್ಯಾನುಗಳಿಂದ ಇದು ಆಗುವ ಮಾತಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಕಲ್ಯಾಣ ಮಂಟಪ, ಹೋಟೆಲು, ಆಸ್ಪತ್ರೆ, ವಾಣಿಜ್ಯ ಸಂಕೀರ್ಣಗಳ ಪರವಾನಗಿ ನವೀಕರಣದ ವೇಳೆ ಅರ್ಹ ತಂತ್ರಜ್ಞರ ವಾರ್ಷಿಕ ಪರೀಕ್ಷೆಯ ದಾಖಲೆಯನ್ನು ಕಡ್ಡಾಯವಾಗಿ ಕೇಳಬೇಕು. ಸಾರ್ವಜನಿಕ ಕಟ್ಟಡಗಳ ಯಂತ್ರ ಖರೀದಿಯ ಒಪ್ಪಂದದಲ್ಲೇ ಐದು ವರ್ಷಗಳ ನಿರ್ವಹಣೆಯನ್ನು ಸೇರಿಸಬೇಕು. ಪ್ರತಿ ಯಂತ್ರದ ಪಕ್ಕದಲ್ಲಿ ಒಂದು ಪುಸ್ತಕ ತೂಗಹಾಕಿ, ಯಾವ ದಿನ ಯಾರು ಏನು ಮಾಡಿದರೆಂದು ಬರೆಸಬೇಕು. ಪಟ್ಟಣದ ಐಟಿಐ ಕಲಿತ ಹುಡುಗರಿಗೂ ರಿವೈಂಡಿಂಗ್ ಅಂಗಡಿಗಳಿಗೂ ಇದರಿಂದ ವರ್ಷವಿಡೀ ಕೆಲಸ ಸಿಗುತ್ತದೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೊಂದಿದೆ. ಮದುವೆಗೆ ಮಂಟಪ ಗೊತ್ತುಪಡಿಸುವಾಗ ವೇದಿಕೆಯನ್ನು ನೋಡಿದ ಮೇಲೆ ಅಡುಗೆ ಮನೆಗೂ ಹೋಗಿ, ಫ್ಯಾನು ಹಾಕಿಸಿ, ಊದಿನಕಡ್ಡಿ ಹಿಡಿದು ನೋಡಿ. ನಾನು ಈಗ ಹಾಗೆಯೇ ಮಾಡುತ್ತೇನೆ. ವ್ಯವಸ್ಥಾಪಕರು ಮುಗುಳ್ನಗುತ್ತಾರೆ, ನಿವೃತ್ತರ ಹವ್ಯಾಸವೆಂದುಕೊಳ್ಳುತ್ತಾರೆ. ಅಂದು ಜಗಲಿಯ ಮೇಲೆ ಮಲಗಿದ್ದ ಆ ತಾಯಿ ಕಣ್ಣು ಬಿಟ್ಟೊಡನೆ ಕೇಳಿದ್ದು ‘ಹೋಳಿಗಿ ಹತ್ತಿಹೋದವೇನ್ರಿ?’ ಎಂದು. ಆ ಪ್ರಶ್ನೆ ನೆನಪಾದಾಗ ಇವರ ನಗು ನನಗೆ ತಾಗುವುದಿಲ್ಲ.